ಜೈಲಿಗೆ ಹೋಗಿ ಬಂದ ಹುಡುಗ ನರ್ಸಿಂಗ್ ಸೇರಬಹುದಾ? ಸೇರಬೇಕಾ?

ಜಗಳೂರಿನ ಅಕ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ನರ್ಸುಗಳೂ ಇದ್ದೀರಿ, ವಕೀಲರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಕೊನೆಗೆ ಜಗಳಕ್ಕೇ ಬರುತ್ತದೆ.

ವಿಷಯ ನನ್ನ ಅಕ್ಕನ ಮಗನದು. ಈಗ 29 ವರ್ಷ. 2015ರಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಾಗ ಹೊಲದ ಬದುವಿನ ವಿಷಯಕ್ಕೆ ದಾಯಾದಿಗಳ ಜೊತೆ ಹೊಡೆದಾಟ ಆಯಿತು. ನಮ್ಮ ಕಡೆ ಬದು ಜಗಳ ಅಂದರೆ ಗೊತ್ತಲ್ಲ, ಮಳೆ ಬರೋದೇ ಅಷ್ಟಕ್ಕಷ್ಟೆ, ಆದರೂ ಒಂದು ಸಾಲು ಮೆಕ್ಕೆಜೋಳ ಆ ಕಡೆ ಹೋಯಿತಾ ಈ ಕಡೆ ಬಂತಾ ಅಂತ ಅಣ್ಣತಮ್ಮಂದಿರೇ ಕಡಿದಾಡುತ್ತಾರೆ. ಇವನ ಕೈಯಲ್ಲಿ ಕುಡುಗೋಲು ಇತ್ತು, ಎದುರಿನವರ ಕೈಗೆ ಬಿತ್ತು. ಪೊಲೀಸರು 307 ಹಾಕಿದರು, ಅಂದರೆ ಕೊಲೆ ಯತ್ನ. ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ, 326ರಲ್ಲಿ, ಅಂದರೆ ಆಯುಧದಿಂದ ತೀವ್ರ ಗಾಯ ಮಾಡಿದ್ದಕ್ಕೆ ಶಿಕ್ಷೆ ಆಯಿತು. 2019ರಲ್ಲಿ ಒಳಗೆ ಹೋದವನು ಶಿವಮೊಗ್ಗ ಜೈಲಿನಲ್ಲಿ 3 ವರ್ಷ ಇದ್ದು 2022ರಲ್ಲಿ ಹೊರಗೆ ಬಂದ.

ಅಲ್ಲಿ ಲಕ್ವಾ ಹೊಡೆದ ಒಬ್ಬ ಮುದುಕರನ್ನು ಇವನೇ ನೋಡಿಕೊಳ್ಳುತ್ತಿದ್ದನಂತೆ. ಮಗ್ಗಲು ಬದಲಿಸುವುದು, ಬೆನ್ನು ಒರೆಸುವುದು, ಅನ್ನ ಕಲಸಿ ತಿನ್ನಿಸುವುದು. ಅಲ್ಲಿಂದಲೇ ನರ್ಸಿಂಗ್ ಹುಚ್ಚು ತಲೆಗೆ ಹೊಕ್ಕಿದೆ. ಜಿಎನ್‌ಎಂ ಅಂತ ನರ್ಸಿಂಗ್ ಡಿಪ್ಲೊಮಾ ಇದೆಯಲ್ಲ, ಅದಕ್ಕೆ 35ರ ತನಕ ವಯಸ್ಸು ಇದೆ, ಪಿಯುಸಿಯಲ್ಲಿ 40 ಪರ್ಸೆಂಟ್ ಸಾಕು, ಇವನದು 58 ಇದೆ. ಸೀಟು ಸಿಗುವುದು ಕಷ್ಟವಿಲ್ಲ.

ನನ್ನದು ಎರಡು ಪ್ರಶ್ನೆ. 3 ವರ್ಷ ಓದಿ, ಸಾಲ ಮಾಡಿ ಫೀಸು ಕಟ್ಟಿ ಮುಗಿಸಿದ ಮೇಲೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್, ಅಂದರೆ ನರ್ಸ್ ಲೈಸೆನ್ಸ್ ಸಿಗುತ್ತಾ? ಎರಡನೆಯದನ್ನು ಅಕ್ಕನ ಮುಂದೆ ಕೇಳಲು ನನಗೆ ಧೈರ್ಯ ಇಲ್ಲ. ಇಂಥವರಿಗೆ ಲೈಸೆನ್ಸ್ ಕೊಡಬೇಕಾ? ಹೋದ ವರ್ಷ ನಮ್ಮ ಅಮ್ಮನಿಗೆ ಸೊಂಟದ ಆಪರೇಷನ್ ಆಗಿ ದಾವಣಗೆರೆಯಲ್ಲಿ 11 ದಿನ ಇದ್ದೆವು. ರಾತ್ರಿ 2 ಗಂಟೆಗೆ ಒಬ್ಬ ಬ್ರದರ್ (ಗಂಡು ನರ್ಸ್) ಬಂದು ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದ. ಯಾರ ಮಗನೋ, ಯಾವ ಊರೋ, ನಾನು ಕೇಳಿದ್ದೇ ಇಲ್ಲ. ಆ ಹುಡುಗನ ಹಿಂದೆ 326 ಇದೆ ಅಂತ ಯಾರಾದರೂ ಕಿವಿಯಲ್ಲಿ ಹೇಳಿದ್ದರೆ ನಾನು ಅಮ್ಮನ ಮಂಚ ಬಿಟ್ಟು ಏಳುತ್ತಿರಲಿಲ್ಲ. ನನ್ನ ಅಕ್ಕನ ಮಗ ಅಂದಾಗ ಮಾತ್ರ ಬೇರೆ ನ್ಯಾಯ ಅಂದರೆ ಹೇಗೆ ಅಲ್ವಾ?

ಕರಿಕೋಟು, ಚಿತ್ರದುರ್ಗ:

ಮೇಡಂ, ಕೇಸು ಇರುವುದು ಬೇರೆ, ಶಿಕ್ಷೆ ಆಗಿರುವುದು ಬೇರೆ. ಜನ ಎರಡನ್ನೂ ಕಲಸಿಬಿಡುತ್ತಾರೆ, ಅದಕ್ಕೆ ಇದನ್ನು ಮೊದಲು ಹೇಳುತ್ತಿದ್ದೇನೆ. ಒಂದು ಗಂಡ ಹೆಂಡತಿ ಜಗಳಕ್ಕೆ ದೂರು ಬರೆಸಿದರೆ ಅತ್ತೆ, ಮಾವ, ನಾದಿನಿ, ಕಾಲೇಜಿಗೆ ಹೋಗುವ ಮೈದುನ ಎಲ್ಲರ ಹೆಸರೂ ಎಫ್‌ಐಆರ್‌ನಲ್ಲಿ ಬರುತ್ತದೆ. ಅವರನ್ನೆಲ್ಲ ಹೊರಗಿಟ್ಟರೆ ನಮ್ಮ ಎರಡೂ ಜಿಲ್ಲೆಯಲ್ಲಿ ವಾರ್ಡಿಗೆ ಜನ ಸಿಗುವುದಿಲ್ಲ.

ನಿಮ್ಮ ಹುಡುಗನದು ಹಾಗಲ್ಲ. ಶಿಕ್ಷೆ ಆಗಿದೆ, ಅದೂ 326ರಲ್ಲಿ. 324 (ಆಯುಧದಿಂದ ಸಾಮಾನ್ಯ ಗಾಯ) ಆಗಿದ್ದರೆ 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಒಳ್ಳೆ ನಡತೆಯ ಬಾಂಡ್ ಮೇಲೆ ಬಿಡಿ ಅಂತ ಕೇಳಬಹುದಿತ್ತು, ಹಾಗೆ ಬಿಟ್ಟಿದ್ದರೆ ಅದರ 12ನೇ ಸೆಕ್ಷನ್ ಪ್ರಕಾರ ಶಿಕ್ಷೆಯ ಜೊತೆ ಅಂಟಿಕೊಳ್ಳುವ ಅನರ್ಹತೆಯೂ ತಟ್ಟುತ್ತಿರಲಿಲ್ಲ. 326ಕ್ಕೆ ಜೀವಾವಧಿ ತನಕ ಶಿಕ್ಷೆ ಇರುವುದರಿಂದ ಆ ದಾರಿ ಇರಲಿಲ್ಲ. 18 ತುಂಬುವ ಮೊದಲು ಆಗಿದ್ದರೆ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಅಂಥ ಅನರ್ಹತೆಯಿಂದ ಕಾಪಾಡುತ್ತಿತ್ತು. ಇವನಿಗೆ ಆಗ 19. ನೋಡಿ, ಒಂದು ವರ್ಷದಲ್ಲಿ ಎಷ್ಟು ವ್ಯತ್ಯಾಸ. (ಅಂದ ಹಾಗೆ 2024ರ ಜುಲೈ 1ರಿಂದ ಈ ನಂಬರುಗಳು ಬದಲಾಗಿವೆ. ಹಳೆ ಐಪಿಸಿಯ 307 ಈಗ ಹೊಸ ಭಾರತೀಯ ನ್ಯಾಯ ಸಂಹಿತೆಯ 109, 326 ಅಂದರೆ 118(2). ಹಳೆ ಕೇಸಿಗೆ ಹಳೆ ನಂಬರೇ. ನಾವೇ ಇನ್ನೂ ತಡವರಿಸುತ್ತೇವೆ.)

ಇನ್ನು ಮುಚ್ಚಿಡುವ ವಿಷಯ. ‘ಯಾರಿಗೆ ಗೊತ್ತಾಗುತ್ತೆ ಬಿಡಿ’ ಅಂತ ಹೇಳುವ ಮಾವಂದಿರು ಪ್ರತಿ ಮನೆಯಲ್ಲೂ ಇರುತ್ತಾರೆ, ದಯವಿಟ್ಟು ಅವರ ಮಾತು ಕೇಳಬೇಡಿ. 2016ರಲ್ಲಿ ಅವತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದನ್ನೇ ಬಿಡಿಸಿ ಹೇಳಿದ್ದಾರೆ. ಫಾರಂನಲ್ಲಿ ಕೇಳಿದ್ದರೆ ನಿಜ ಬರೆಯಬೇಕು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೆ ಕೆಲಸ ಕೊಡುವವರು ಕ್ಷಮಿಸಬಹುದು. ದೊಡ್ಡ ಕೇಸಿನಲ್ಲಿ ಶಿಕ್ಷೆ ಆಗಿದ್ದನ್ನು ಮುಚ್ಚಿಟ್ಟರೆ ಕೆಲಸದಿಂದ ತೆಗೆಯಬಹುದು. ನಿಜ ಬರೆದರೂ ಅವರು ಹಿನ್ನೆಲೆ ನೋಡಿ ಬೇಡ ಅನ್ನಬಹುದು, ಕೊಡಲೇಬೇಕು ಅಂತ ಒತ್ತಾಯ ಇಲ್ಲ. ಅದು ನೌಕರಿಯ ಬಗ್ಗೆ ಬಂದ ತೀರ್ಪು, ಲೈಸೆನ್ಸಿನ ಬಗ್ಗೆ ಅಲ್ಲ. ಆದರೆ ನರ್ಸ್ ಆದವರು ಕೊನೆಗೆ ಹುಡುಕುವುದು ಸರ್ಕಾರಿ ಪೋಸ್ಟನ್ನೇ ತಾನೆ, ಅಲ್ಲಿ ಪೊಲೀಸ್ ಪರಿಶೀಲನೆ ಇದ್ದೇ ಇದೆ.

ನನ್ನ ಸಲಹೆ ಇಷ್ಟು. ಕಾಲೇಜಿಗೆ ಒಂದು ರೂಪಾಯಿ ಕಟ್ಟುವ ಮೊದಲು ತೀರ್ಪಿನ ದೃಢೀಕೃತ ನಕಲು ಇಟ್ಟು ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ. ಬಾಯಿಮಾತಿನಲ್ಲಿ ಯಾರು ‘ಆಗುತ್ತೆ ಬನ್ನಿ’ ಅಂದರೂ ನಂಬಬೇಡಿ, ಸೀಟು ತುಂಬಿಸುವವರಿಗೆ ಎಲ್ಲವೂ ಆಗುತ್ತೆ.

ನೈಟ್ ಡ್ಯೂಟಿ:

ಕಾನೂನು ವಕೀಲರು ಹೇಳಿದರು, ನಾನು ವಾರ್ಡಿನ ಮಾತು ಹೇಳುತ್ತೇನೆ. ದಾವಣಗೆರೆಯಲ್ಲಿ 26 ವರ್ಷ ಆಯಿತು ಈ ಕೆಲಸ ಹಿಡಿದು.

‘ಕ್ರಿಮಿನಲ್’ ಅಂತ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಹೊಡೆದಾಟದ ಕೇಸಿಗಿಂತ ಕಳ್ಳತನದ ಕೇಸಿಗೇ ನನಗೆ ಹೆದರಿಕೆ ಜಾಸ್ತಿ, ನಗಬೇಡಿ. ಆಪರೇಷನ್‌ಗೆ ಹೋಗುವ ಹೆಂಗಸಿನ ಓಲೆ, ಬಳೆ ಬಿಚ್ಚಿಸಿ ಕೈಗೆ ತೆಗೆದುಕೊಳ್ಳುವವರು ನಾವು. (ತಾಳಿ ಬಿಚ್ಚಲ್ಲ ಅಂತ ಅಳುತ್ತಾರೆ, ಪ್ಲಾಸ್ಟರ್ ಸುತ್ತಿ ಒಳಗೆ ಕಳಿಸುತ್ತೇವೆ.) ಮಾರ್ಫಿನ್, ಫೆಂಟನಿಲ್‌ನಂಥ ಚಟ ಹತ್ತಿಸುವ ನೋವಿನ ಔಷಧ ಇಡುವ ಕಪಾಟಿನ ಕೀ ನಮ್ಮ ಹತ್ತಿರವೇ ಇರುತ್ತದೆ. ಎರಡು ಬೀಗ, ಯಾರಿಗೆ ಎಷ್ಟು ಕೊಟ್ಟೆವು ಉಳಿದದ್ದೆಷ್ಟು ಅಂತ ರಿಜಿಸ್ಟರ್, ಖಾಲಿ ಆಂಪ್ಯೂಲ್ ಕೂಡ ಲೆಕ್ಕ ಕೊಡಬೇಕು. ಇಷ್ಟೆಲ್ಲ ಇದ್ದೂ ಫೋರ್ಟ್‌ವಿನ್ ಅನ್ನುವ ನೋವಿನ ಇಂಜೆಕ್ಷನ್ ಚಟಕ್ಕೆ ಬಿದ್ದ ಸ್ಟಾಫನ್ನು ನಾನು ನೋಡಿದ್ದೇನೆ. ಒಳ್ಳೆ ಮನೆತನದ ಹುಡುಗಿ, ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವಳಲ್ಲ. ಔಷಧ ತಾನು ಚುಚ್ಚಿಕೊಂಡು ರೋಗಿಗೆ ಬರೀ ನೀರು ಕೊಡುತ್ತಿದ್ದಳು. ಆ ಅಜ್ಜಿ ರಾತ್ರಿಯೆಲ್ಲ ನೋವು ನೋವು ಅಂತ ಕೂಗಿದರು, ‘ಈಗ ತಾನೆ ಕೊಟ್ಟಿದೆಯಲ್ಲ, ಸ್ವಲ್ಪ ತಡಕೊಳ್ಳಿ’ ಅಂತ ಬೈದವಳು ನಾನೇ. ಅದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ.

ಹಾಗಂತ ಎಲ್ಲರಿಗೂ ಕೊಡಿ ಅನ್ನುತ್ತಿಲ್ಲ. ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈ ಹಾಕಿ ಶಿಕ್ಷೆ ಆದವರಿಗೆ ಎಷ್ಟು ವರ್ಷ ಕಳೆದರೂ ಬೇಡ. ನಮ್ಮ ಕೆಲಸ ಎಂಥದ್ದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬಟ್ಟೆ ಸರಿಸಿ ಮೈ ಒರೆಸಬೇಕು, ಮೂತ್ರ ಹೋಗಲು ಕ್ಯಾಥೆಟರ್ ನಳಿಕೆ ಹಾಕಬೇಕು, ಆ ಕಡೆ ಮಲಗಿದವರಿಗೆ ಎಷ್ಟೋ ಸಲ ಪ್ರಜ್ಞೆಯೇ ಇರುವುದಿಲ್ಲ. ನೋಡಿಕೋ ಅಂತ ಬಿಟ್ಟುಹೋದ ಮುದುಕರನ್ನು ಹಿಂಸಿಸಿದವರಿಗೂ ಬೇಡ.

ಬದು ಜಗಳದಲ್ಲಿ 19ಕ್ಕೆ ಕುಡುಗೋಲು ಬೀಸಿದವನ ಬಗ್ಗೆ ನನ್ನ ಅನುಮಾನ ಬೇರೆ. ಕೋಪ. ಬೆಳಗಿನ ಜಾವ 3ಕ್ಕೆ ರೋಗಿ ಕಡೆಯವರು ಕುಡಿದು ಬಂದು ‘ಡಾಕ್ಟರನ್ನು ಕರಿಯೋ’ ಅಂತ ಕಾಲರ್ ಹಿಡಿಯುತ್ತಾರೆ. ನನಗೂ ಬೈದಿದ್ದಾರೆ, ಒಬ್ಬ ಚಪ್ಪಲಿ ಎತ್ತಿದ್ದ. ಆಗ ಈ ಹುಡುಗ ಏನು ಮಾಡುತ್ತಾನೆ? ಅದನ್ನು ಯಾವ ಪೊಲೀಸ್ ಸರ್ಟಿಫಿಕೇಟೂ ಹೇಳಲಾರದು, ಜೊತೆಗೆ ಕೆಲಸ ಮಾಡಿದವರು ಮಾತ್ರ ಹೇಳಬಹುದು.

ಅಕ್ಕಾ, ಒಂದು ಕೇಳಲಾ? 2022ರಲ್ಲಿ ಹೊರಗೆ ಬಂದ ಅಂದಿರಿ. ಅಲ್ಲಿಂದ ಇಲ್ಲಿಯವರೆಗೆ ಏನು ಮಾಡುತ್ತಿದ್ದಾನೆ? ಅದನ್ನು ಬರೆದಿಲ್ಲ ನೀವು.

ಬಿಎಸ್ಸಿ ಮೂರನೇ ವರ್ಷ:

ನರ್ಸ್ ಯಾಕೆ, ಡಾಕ್ಟರೇ ಆಗಿದ್ದಾರೆ. ಕಲಬುರಗಿ ಜಿಲ್ಲೆಯ ಒಬ್ಬರು ಎಂಬಿಬಿಎಸ್ ಓದುವಾಗ 2002ರಲ್ಲಿ ಕೊಲೆ ಕೇಸಿನಲ್ಲಿ ಒಳಗೆ ಹೋಗಿ, ಜೀವಾವಧಿ ಶಿಕ್ಷೆ ಆಗಿ, ಒಳ್ಳೆ ನಡತೆ ಮೇಲೆ 2016ರಲ್ಲಿ ಬಿಡುಗಡೆಯಾಗಿ, ಮತ್ತೆ ಕಾಲೇಜಿಗೆ ಹೋಗಿ 2019ರಲ್ಲಿ ಮುಗಿಸಿದರು. ಎಲ್ಲಾ ಪೇಪರಿನಲ್ಲೂ ಬಂದಿತ್ತು. ಜೈಲಿನಲ್ಲಿದ್ದಾಗಲೂ ಅಲ್ಲಿನ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಿದ್ದರಂತೆ. ಅವರಿಗೆ ಆಗಿದ್ದು ಇವನಿಗೆ ಯಾಕಾಗಬಾರದು?

ಹೊಸದುರ್ಗದ ತೆಂಗು:

ಪೇಪರಿನಲ್ಲಿ ಬಂತು ಅಂದರೇನೇ ಅದು ಅಪರೂಪ ಅಂತ ಅರ್ಥ ಮಾರಾಯ.

ನನ್ನದು ಬೇರೆ ಕಡೆಯ ಕಥೆ. 2011ರಲ್ಲಿ ಬೋರ್‌ವೆಲ್ ಪೈಪಿನ ವಿಷಯಕ್ಕೆ ನನ್ನ ತಮ್ಮನಿಗೆ ಮಚ್ಚಿನಲ್ಲಿ ಹೊಡೆದರು. ಬಲಗೈ. ಇವತ್ತಿಗೂ ಅಂಗಿ ಗುಂಡಿ ಅವನ ಹೆಂಡತಿಯೇ ಹಾಕಬೇಕು. ಕಾಯಿ ಸುಲಿಯುವ ಮನೆಯಲ್ಲಿ ಹುಟ್ಟಿ ಒಂದು ಕಾಯಿ ಸುಲಿಯಲಾರ. ಹೊಡೆದವನು ಹೊರಗೆ ಬಂದು ಮದುವೆ ಮಾಡಿಕೊಂಡು ಲಾರಿ ಇಟ್ಟುಕೊಂಡು ಚೆನ್ನಾಗಿದ್ದಾನೆ. ಇರಲಿ, ಬದುಕಬೇಡ ಅಂತ ನಾನು ಯಾವತ್ತೂ ಅಂದಿಲ್ಲ. ಆದರೆ ನಾಳೆ ನನ್ನ ತಮ್ಮ ಡೆಂಗೀ ಬಂದು ಆಸ್ಪತ್ರೆ ಸೇರಿದಾಗ ಅಂಥವನೇ ಒಬ್ಬ ಟ್ರೇ ಹಿಡಿದುಕೊಂಡು ಬಂದು ‘ಕೈ ಕೊಡಿ’ ಅಂದರೆ?

ಹೋಟೆಲ್ ಸರಿಯಿಲ್ಲ ಅಂದರೆ ಎದ್ದು ಪಕ್ಕದ ಬೆಣ್ಣೆ ದೋಸೆ ಹೋಟೆಲ್‌ಗೆ ಹೋಗಬಹುದು. ಡ್ರೈವರ್ ಕುಡಿದಿದ್ದಾನೆ ಅಂದರೆ ಬಸ್ ಇಳಿಯಬಹುದು. ಮಂಚದ ಮೇಲೆ ಮಲಗಿದವನು ಎಲ್ಲಿಗೆ ಹೋಗುತ್ತಾನೆ? ಅವನು ನರ್ಸನ್ನು ಆರಿಸಿಕೊಂಡಿಲ್ಲ, ಬಂದವರಿಗೆ ಕೈ ಚಾಚುತ್ತಾನೆ, ಅಷ್ಟೆ. ಹಾಗೆ ಕೈ ಚಾಚುವವನ ಪರವಾಗಿ ಯಾರಾದರೂ ಮೊದಲೇ ನೋಡಿರಬೇಕು, ಲೈಸೆನ್ಸ್ ಇರುವುದೇ ಅದಕ್ಕೆ. ಜಗತ್ತಿನಲ್ಲಿ ಸಾವಿರ ಕೆಲಸ ಇವೆ, ಹುಡುಗ ಬೇರೆ ಏನಾದರೂ ಮಾಡಲಿ.

ಇನ್ನೊಂದು, ತಪ್ಪು ತಿಳಿಯಬೇಡಿ ಅಕ್ಕಾ. ಅವನ ಪಿಯುಸಿ ಪರ್ಸೆಂಟ್ ಬರೆದಿರಿ, ಜೈಲಿನ ಮುದುಕರ ಕಥೆ ಬರೆದಿರಿ. ಪೆಟ್ಟು ತಿಂದವರ ಬಗ್ಗೆ ‘ಎದುರಿನವರ ಕೈಗೆ ಬಿತ್ತು’ ಅಂತ ಅರ್ಧ ಸಾಲು. ಕುಡುಗೋಲು ತಾನಾಗಿ ಬೀಳಲ್ಲ.

ಪಿಜೆ ಬಡಾವಣೆಯಿಂದ ಹ್ಯೂಸ್ಟನ್:

ನಾನು ಟೆಕ್ಸಾಸ್‌ನಲ್ಲಿ ನರ್ಸ್. ಇಲ್ಲಿ ಹೇಗಿದೆ ಅಂತ ಹೇಳುತ್ತೇನೆ, ಇಲ್ಲಿಯದೇ ಸರಿ ಅಂತಲ್ಲ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನರ್ಸಿಂಗ್ ಬೋರ್ಡ್, ಒಂದೊಂದು ನಿಯಮ. ಟೆಕ್ಸಾಸ್‌ನಲ್ಲಿ ಬೆರಳಚ್ಚು ಕೊಡಲೇಬೇಕು, ಅದು ಎಫ್‌ಬಿಐ ತನಕ ಹೋಗಿ ಬರುತ್ತದೆ. ಕೊಲೆ, ಲೈಂಗಿಕ ದೌರ್ಜನ್ಯದಂಥ ಅಪರಾಧಗಳದ್ದು ಒಂದು ಪಟ್ಟಿಯೇ ಕಾನೂನಿನಲ್ಲಿದೆ. ಅದರಲ್ಲಿ ಬಂದವರು ಪೆರೋಲ್ ಎಲ್ಲ ಮುಗಿದು 5 ವರ್ಷ ಆಗದೆ ಲೈಸೆನ್ಸ್ ಕೇಳುವಂತಿಲ್ಲ, ಕೇಳಿದರೂ ಕೊಡಲೇಬೇಕು ಅಂತಿಲ್ಲ. ಆದರೆ ಒಂದು ಒಳ್ಳೆ ವ್ಯವಸ್ಥೆ ಇದೆ. ಓದಲು ಸೇರುವ ಮೊದಲೇ ‘ನನ್ನ ಹಿಂದೆ ಇಂಥದ್ದಿದೆ, ಮುಂದೆ ಲೈಸೆನ್ಸ್ ಕೊಡುತ್ತೀರಾ’ ಅಂತ ಬೋರ್ಡಿಗೆ ಅರ್ಜಿ ಹಾಕಿ ಕೇಳಬಹುದು, ಅವರು ತೀರ್ಮಾನ ಹೇಳುತ್ತಾರೆ. ವಕೀಲ ಸರ್ ಹೇಳಿದ್ದೂ ಇದೇ ಅಲ್ವಾ, ಇಲ್ಲಿ ಅದಕ್ಕೆ ಫಾರಂ ಇದೆ, ಅಷ್ಟೇ ವ್ಯತ್ಯಾಸ.

ಹಾಗಂತ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸ್ ಮೇಲಿನ ದೂರು ವಿಚಾರಣೆ ಮುಗಿಯಲು ಸರಾಸರಿ 3 ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು, ಅಷ್ಟು ದಿನ ಅವರು ಕೆಲಸ ಮಾಡುತ್ತಲೇ ಇದ್ದರು. 2009ರಲ್ಲಿ ಪತ್ರಕರ್ತರು ಅದನ್ನು ಹೊರಗೆ ತಂದ ಮೇಲೆ ಗವರ್ನರ್ ಬೋರ್ಡಿನ ಹೆಚ್ಚಿನ ಸದಸ್ಯರನ್ನೇ ಬದಲಾಯಿಸಿದರು. ಚಾರ್ಲ್ಸ್ ಕಲೆನ್ ಅಂತ ಇನ್ನೊಬ್ಬ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಲ್ಲಿ 16 ವರ್ಷ ನರ್ಸ್ ಆಗಿದ್ದುಕೊಂಡು ರೋಗಿಗಳಿಗೆ ಇನ್ಸುಲಿನ್, ಹೃದಯದ ಔಷಧ ಡಿಗಾಕ್ಸಿನ್ ಚುಚ್ಚಿ ಕೊಂದ. 2003ರಲ್ಲಿ ಸಿಕ್ಕಿಬಿದ್ದ. ಲೈಸೆನ್ಸ್ ಇದ್ದೇ ಇತ್ತು. ಅನುಮಾನ ಬಂದ ಆಸ್ಪತ್ರೆಯವರು ‘ನಮಗ್ಯಾಕೆ ರಗಳೆ’ ಅಂತ ಸುಮ್ನೆ ಬಿಟ್ಟು ಕಳಿಸಿದರು, ಮುಂದಿನ ಆಸ್ಪತ್ರೆಗೆ ಯಾರೂ ಬಾಯಿ ಬಿಡಲಿಲ್ಲ. ಅದಾದ ಮೇಲೆ 2005ರಲ್ಲಿ, ಮುಚ್ಚಿಡದೆ ಹೇಳಲೇಬೇಕು ಅಂತ ನ್ಯೂಜೆರ್ಸಿಯಲ್ಲಿ ಕಾನೂನು ಬಂತು.

ದಾವಣಗೆರೆಯಲ್ಲಿ ನಾನು 4 ವರ್ಷ ಕೆಲಸ ಮಾಡಿದೆ. ಒಂದು ಕಡೆ ಸೇರುವಾಗ ಬಿಟ್ಟುಹೋಗಬಾರದು ಅಂತ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರು. ಹಿಂದೆ ಎಲ್ಲಿದ್ದೆ, ಯಾಕೆ ಬಿಟ್ಟೆ ಅಂತ ಒಂದು ಫೋನ್ ಕೂಡ ಮಾಡಲಿಲ್ಲ.

ಜಗಳೂರಿನ ಅಕ್ಕ:

ಎರಡು ದಿನ ಆಯಿತು, ಉತ್ತರ ಬರೆಯಲು ಕೈ ಬರಲಿಲ್ಲ.

ನೈಟ್ ಡ್ಯೂಟಿ ಸಿಸ್ಟರ್ ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ. ಬೇಕಂತಲೇ ಬರೆದಿರಲಿಲ್ಲ. ಅವನು ಎರಡು ವರ್ಷದಿಂದ ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡ್ ಬಾಯ್. ತಿಂಗಳಿಗೆ 11 ಸಾವಿರ. ಸೇರುವಾಗ ಆಧಾರ್ ಕೇಳಿದರು, ಫೋಟೋ ಕೇಳಿದರು, ಕೇಸಿನ ಬಗ್ಗೆ ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಮೊದಮೊದಲು ಸ್ಟ್ರೆಚರ್ ತಳ್ಳುತ್ತಿದ್ದ. ಈಗ ರಾತ್ರಿ ಹೊತ್ತು ಸಿಸ್ಟರ್ ಒಬ್ಬರೇ ಇರುತ್ತಾರೆ ಅಂತ ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು ಎಲ್ಲ ಇವನ ಕೈಯಲ್ಲೇ ಮಾಡಿಸುತ್ತಾರೆ. ‘ನನ್ನ ಕೈ ತುಂಬಾ ಹಗುರ ಅಂತ ಡಾಕ್ಟರೇ ಹೇಳಿದ್ದಾರೆ ಚಿಕ್ಕಮ್ಮ’ ಅಂತ ಖುಷಿಯಿಂದ ಹೇಳುತ್ತಾನೆ. ಅಂದರೆ ನಾನು ಇಲ್ಲಿ ಕೊಡಬೇಕಾ ಬೇಡವಾ ಅಂತ ಕೇಳುತ್ತಾ ಕೂತಿದ್ದೆ, ಅಲ್ಲಿ ಆಗಲೇ ಯಾರದೋ ಅಮ್ಮನಿಗೆ ರಾತ್ರಿ 2 ಗಂಟೆಗೆ ಅವನು ಇಂಜೆಕ್ಷನ್ ಕೊಡುತ್ತಿದ್ದಾನೆ. ಓದಿ ಪಾಸಾಗಿ ಸರಿಯಾದ ದಾರಿಯಲ್ಲಿ ಹೋಗುತ್ತೇನೆ ಅಂದಾಗ ಮಾತ್ರ ಅವನನ್ನು ಯಾರಾದರೂ ‘ನೀನು ಯಾರು’ ಅಂತ ಕೇಳುವುದು.

ಹೊಸದುರ್ಗದ ಅಣ್ಣ, ನೀವು ಹೇಳಿದ್ದು ನಾಟಿತು. ಬಿದ್ದದ್ದಲ್ಲ, ಹೊಡೆದದ್ದು. ಪೆಟ್ಟು ತಿಂದವರು ಬೇರೆ ಯಾರೂ ಅಲ್ಲ, ನಮ್ಮ ಭಾವನ ಚಿಕ್ಕಪ್ಪನ ಮಗ. ಎರಡು ಬೆರಳು ಪೂರ್ತಿ ಹೋಗಿದೆ, ಇನ್ನೊಂದು ಮಡಚುವುದಿಲ್ಲ. ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಈಗ ಬಸ್ ಸ್ಟ್ಯಾಂಡ್ ಹತ್ತಿರ ಬೀಡಾ ಅಂಗಡಿ ಇಟ್ಟುಕೊಂಡಿದ್ದಾರೆ. ಹತ್ತು ವರ್ಷ ಆಯಿತು, ಜಾತ್ರೆಯಲ್ಲಿ ಎದುರು ಸಿಕ್ಕರೂ ಎರಡು ಮನೆಯವರು ಮುಖ ತಿರುಗಿಸುತ್ತೇವೆ. ಇವನು ಜೈಲಿಂದ ಬಂದ ಮೇಲೆ ಅವರ ಮನೆಗೆ ಹೋಗಿದ್ದಾನಾ ಅಂತ ನಾನು ಕೇಳಿಯೇ ಇರಲಿಲ್ಲ. ನಿನ್ನೆ ಫೋನ್ ಮಾಡಿ ಕೇಳಿದೆ. ಇಲ್ಲ ಅಂದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನೈಟ್ ಡ್ಯೂಟಿ:

ಅಕ್ಕಾ, ಜಿಎನ್‌ಎಂ ಆಮೇಲೆ. ಇವತ್ತು ರಾತ್ರಿಯಿಂದ ಅವನು ಸೂಜಿ ಮುಟ್ಟಬಾರದು, ಕೆಲಸ ಹೋದರೂ ಪರವಾಗಿಲ್ಲ. ಕೈ ಹಗುರ ಇದ್ದರೆ ಸಾಲದು. ಪೊಟ್ಯಾಷಿಯಂ ಕ್ಲೋರೈಡ್ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ, ನೋಡಲು ಅದೂ ನೀರಿನ ಹಾಗೇ ಇರುತ್ತದೆ. ನಮಗೆ ಅದನ್ನು ಕಲಿಸಲು 3 ವರ್ಷ ಹಿಡಿಯುತ್ತೆ, 4 ವರ್ಷ ಹಿಡಿಯುತ್ತೆ, ಸುಮ್ನೆ ಅಲ್ಲ.

ಆ ಆಸ್ಪತ್ರೆಯವರ ಮೇಲೆ ನನಗೆ ಅವನ ಮೇಲಿಗಿಂತ ಜಾಸ್ತಿ ಸಿಟ್ಟು ಬರುತ್ತಿದೆ, ಇರಲಿ. ಭಾನುವಾರ ನನಗೆ ವೀಕ್ಲಿ ಆಫ್. ತೀರ್ಪಿನ ನಕಲು ಹಿಡಿದುಕೊಂಡು ಅವನನ್ನು ಕರೆದುಕೊಂಡು ಬನ್ನಿ, ಕೌನ್ಸಿಲ್‌ಗೆ ಪತ್ರ ಬರೆಯೋಣ. ಅವನೇ ಬರೆಯಲಿ, ಅವನ ಕೈಯಲ್ಲೇ. ಏನಾಯಿತು ಅಂತ ಹೇಗೆ ಬರೆಯುತ್ತಾನೆ ಅಂತ ನಾನೂ ನೋಡಬೇಕು.

ಕರಿಕೋಟು, ಚಿತ್ರದುರ್ಗ:

ಸಿಸ್ಟರ್ ಹೇಳಿದ್ದು ಸರಿ. ಒಂದು ರೋಗಿಗೆ ಹೆಚ್ಚುಕಮ್ಮಿ ಆದರೆ ಆಸ್ಪತ್ರೆಯವರು ಇವನನ್ನೇ ಮುಂದೆ ತಳ್ಳುತ್ತಾರೆ, ಆಗ ಹಳೆ 326 ಕೂಡ ಹೊರಗೆ ಬರುತ್ತೆ. ಡ್ರಾಫ್ಟ್ ಆದ ಮೇಲೆ ಒಮ್ಮೆ ನನಗೆ ಕಳಿಸಿ, ಫೀಸು ಬೇಡ. 2023ರ ಹೊಸ ನರ್ಸಿಂಗ್ ಕಮಿಷನ್ ಕಾಯ್ದೆ ಪ್ರಕಾರ ದೇಶಕ್ಕೆಲ್ಲ ಒಂದೇ ಆನ್‌ಲೈನ್ ರಿಜಿಸ್ಟರ್ ಇರಬೇಕು, ಹಾಗಾಗಿ ಇಲ್ಲಿ ಆಗದಿದ್ದರೆ ಬೇರೆ ರಾಜ್ಯದಲ್ಲಿ ಮುಚ್ಚಿಟ್ಟು ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಆ ಆಸೆ ಬಿಡಿ.

ಹೊಸದುರ್ಗದ ತೆಂಗು:

ಬರೆದದ್ದಕ್ಕೆ ಥ್ಯಾಂಕ್ಸ್ ಅಕ್ಕಾ. ನನ್ನ ಅಭಿಪ್ರಾಯ ಬದಲಾಗಿಲ್ಲ, ಕೊಡಬಾರದು ಅಂತಲೇ ನಾನು ಹೇಳುವುದು. ಆದರೆ ಅವನು ಆ ಬೀಡಾ ಅಂಗಡಿಗೆ ಹೋಗುವುದಾದರೆ ಹೋಗಲಿ, ಕೌನ್ಸಿಲ್‌ಗೆ ತೋರಿಸಬೇಕು ಅಂತ ಹೋಗುವುದು ಬೇಡ, ಅದು ಅವರಿಗೆ ಗೊತ್ತಾಗುತ್ತೆ. ನಮಗೆ ಗೊತ್ತಾಗುತ್ತಿತ್ತು.

ಅವರದು ಯಾವ ಕೈ?

ಜಗಳೂರಿನ ಅಕ್ಕ:

ಬಲಗೈ.